ಎಡಗೈಗೆ ಹೊಂದಿಸಿದ ಕಾರು

ಹರ್ಜಿತೊಗೆ ಲಕ್ವ ಹೊಡೆದ ಮೇಲೆ ಮಳೆಗಾಲವೊಂದು ಪೂರ್ತಿ ಕಳೆದಿತ್ತು. ಒಂದು ಬೆಳಿಗ್ಗೆ ಅವನ ಹೆಂಡತಿ ಯಾಯುಕ್, ಸುವೊಂದೊನ ಬೇಕರಿಗೆ ಬಂದು ಗಲ್ಲೆಯ ಮುಂದೆ ನಿಂತಳು.

"ನಿಮ್ಮ ಗೆಳೆಯ ಕಾರು ಕೇಳ್ತಿದಾರೆ," ಎಂದಳು.

ಒಲೆಯಿಂದ ಬ್ರೆಡ್ಡಿನ ತಟ್ಟೆ ಎಳೆಯುತ್ತಿದ್ದ ಸುವೊಂದೊ ಹಾಗೆಯೇ ನಿಂತ. "ಯಾವ ಕಾರು ಅತ್ತಿಗೆ?"

"ಇನ್ಯಾವುದು? ನನ್ನ ಸವತಿ!"

ಸುವೊಂದೊ ನಕ್ಕುಬಿಟ್ಟ. ನಗುತ್ತಲೇ ಕಣ್ಣು ತೇವವಾಯಿತು. ತಟ್ಟೆ ಕೆಳಗಿಟ್ಟು ಕಣ್ಣೊರೆಸಿಕೊಂಡದ್ದಕ್ಕೆ ಮುಖಕ್ಕೆಲ್ಲ ಹಿಟ್ಟು ಮೆತ್ತಿತು.

ಆ ಸವತಿ ಎಂದರೆ ದೂರದಿಂದ ರೇಡಿಯೊದಲ್ಲಿ ನಡೆಸುವ, ಮೊಳದುದ್ದದ ಒಂದು ಓಟದ ಕಾರು. ನಾಲ್ಕು ದಪ್ಪ ಚಕ್ರ, ಬೆನ್ನ ಮೇಲೊಂದು ರೆಕ್ಕೆ, ಹೊಟ್ಟೆಯಲ್ಲಿ ನಿಂಬೆಹಣ್ಣಿನ ಗಾತ್ರದ ಎಂಜಿನ್. ಆ ನಿಂಬೆಹಣ್ಣು ಒಮ್ಮೆ ಹೊತ್ತಿಕೊಂಡರೆ ಸಿಂಗೊಸಾರಿಯ ಟ್ರ್ಯಾಕಿನ ಪಕ್ಕದ ಕಬ್ಬಿನ ಗದ್ದೆಯ ಹಕ್ಕಿಗಳೆಲ್ಲ ಎದ್ದು ಅರ್ಜುನೊ ಬೆಟ್ಟದ ಕಡೆಗೆ ಹಾರುತ್ತಿದ್ದವು. ಚಾಲಕರು ಬಿದಿರಿನ ಅಟ್ಟದ ಮೇಲೆ ಸಾಲಾಗಿ ನಿಂತು, ಕೈಯಲ್ಲಿ ಪಿಸ್ತೂಲಿನಂಥ ರೇಡಿಯೊ ಹಿಡಿದು, ಕೆಳಗೆ ಮಣ್ಣಿನ ದಿಬ್ಬಗಳನ್ನು ಹಾರಿಕೊಂಡು ಓಡುವ ತಮ್ಮ ತಮ್ಮ ಕಾರುಗಳನ್ನು ನಡೆಸುತ್ತಿದ್ದರು. ಇಪ್ಪತ್ತು ವರ್ಷಗಳಿಂದ ಹರ್ಜಿತೊ ಅಟ್ಟದ ಮೇಲೆ, ಸುವೊಂದೊ ಕೆಳಗೆ. ಕಾರನ್ನು ಬಿಚ್ಚುವವನು, ಜೋಡಿಸುವವನು, ಕುಲುಕಾಟ ತಡೆಯುವ ಶಾಕಿಗೆ ಎಣ್ಣೆ ತುಂಬುವವನು, ಓಟದ ನಡುವೆ ಬಗ್ಗಿ ಇಂಧನ ಸುರಿಯುವವನು ಸುವೊಂದೊ, ಗೆಲ್ಲುವವನು ಹರ್ಜಿತೊ. ಸುವೊಂದೊನ ಕೈಗೆ ರೇಡಿಯೊ ಕೊಡುವ ಧೈರ್ಯ ಇಡೀ ಕ್ಲಬ್ಬಿನಲ್ಲಿ ಯಾರಿಗೂ ಇರಲಿಲ್ಲ. ಕಾರು ದೂರ ಹೋಗುವಾಗ ಸರಿಯಾಗಿಯೇ ನಡೆಸುತ್ತಿದ್ದ. ಅದು ತಿರುಗಿ ತನ್ನ ಕಡೆಗೆ ಬರತೊಡಗಿದರೆ ಎಡ ಯಾವುದು, ಬಲ ಯಾವುದು ಎಂಬುದು ತಲೆಕೆಳಗಾಗಿ, ನೇರ ಹೋಗಿ ಬೇಲಿಗೆ ನುಗ್ಗಿಸುತ್ತಿದ್ದ.

ಹರ್ಜಿತೊ ತಾಂತ್ರಿಕ ಶಾಲೆಯಲ್ಲಿ ಲೇತ್ ಯಂತ್ರದ ಮೇಷ್ಟರಾಗಿದ್ದ. ಒಂದು ದಿನ ಪಾಠ ಮಾಡುತ್ತಿದ್ದಾಗಲೇ ಎಡಭಾಗ ಕುಸಿದುಹೋಯಿತು. ಆಸ್ಪತ್ರೆ, ಮಾತ್ರೆ, ಕೈಗೆ ಕಾಲಿಗೆ ವ್ಯಾಯಾಮ. ಮಾತು ಉಳಿಯಿತು. ಕಾಲು ಎಳೆದುಕೊಂಡಾದರೂ ನಡೆಯಿತು. ತೋಳು ಎದ್ದಿತು. ಬೆರಳುಗಳು ಮಾತ್ರ ಹೇಳಿದ ಮಾತು ಕೇಳುವುದಕ್ಕೆ ತಡಮಾಡುತ್ತಿದ್ದವು. ಆ ರೇಡಿಯೊದಲ್ಲಿ ಪುಟ್ಟ ಚಕ್ರ ತಿರುಗಿಸುವುದಕ್ಕೆ ಬಲಗೈ ಸಾಕು. ಆದರೆ ಹಿಡಿ ಹಿಡಿಯುವುದೂ, ಟ್ರಿಗರ್ ಎಳೆದು ಓಡಿಸುವುದೂ, ಮುಂದಕ್ಕೆ ತಳ್ಳಿ ಬ್ರೇಕ್ ಹಾಕುವುದೂ ಎಡಗೈಯ ಕೆಲಸ.

ಆ ಭಾನುವಾರ ಗೆಳೆಯರಿಬ್ಬರೂ ಟ್ರ್ಯಾಕಿಗೆ ಹೋದರು. ಕಾರು ಹಿಂದೆ ಹೇಗಿತ್ತೋ ಹಾಗೆಯೇ ಇರಬೇಕೆಂದು ಹರ್ಜಿತೊ ಹಟ ಹಿಡಿದಿದ್ದ. ಗಟ್ಟಿ ಶಾಕು, ಚೂಪು ಎಂಜಿನ್, ಬೆರಳು ಅಲುಗಿದರೆ ಜಿಂಕೆಯಂತೆ ನೆಗೆಯುವ ಗಾಡಿ. ಅವನನ್ನು ನೋಡಿ ಎಲ್ಲರೂ ಎದ್ದು ಬಂದರು. ಜಾರೋತ್ ಎಂಬ ಟೈರ್ ಅಂಗಡಿಯವನು, ಹಿಂದೆಲ್ಲ ಹರ್ಜಿತೊನಿಂದ ಸೋತು ಸೋತು ಸುಣ್ಣವಾಗಿದ್ದವನು, ದೂರದಿಂದಲೇ ಕೂಗಿದ:

"ಬಂದ್ಯಾ ಅಣ್ಣ? ನೀನಿಲ್ದೆ ಗೆದ್ದು ಗೆದ್ದು ಬೇಜಾರಾಗಿತ್ತು ಕಣಣ್ಣ!"

"ಇವತ್ತು ನಿನ್ನ ಬೇಜಾರು ಕಳೀತೀನಿ ತಡಿ," ಎಂದ ಹರ್ಜಿತೊ.

ಕಳೆಯಲಿಲ್ಲ. ಮೊದಲ ಮೂಲೆಯಲ್ಲೇ ಕಾರು ಗಿರಕಿ ಹೊಡೆಯಿತು. ಎರಡನೆಯ ಸಲ ದಿಬ್ಬದಿಂದ ಹಾರಿ ಮೂತಿ ಕೆಳಗಾಗಿ ಬಿತ್ತು. ಆಮೇಲೆ ಟ್ರ್ಯಾಕಿನ ಅಂಚಿಗೆ ಹಾಕಿದ ಪೈಪಿಗೆ, ಬೇಲಿಗೆ, ಮತ್ತೆ ಪೈಪಿಗೆ. ಪ್ರತಿ ಸಲವೂ ಯಾರೋ ಒಬ್ಬರು ಓಡಿಬಂದು ನೆಟ್ಟಗೆ ಮಾಡಿ ಬಿಡುತ್ತಿದ್ದರು. ಮೊದಮೊದಲು ಗೇಲಿ ಮಾಡುತ್ತಿದ್ದವರು ಆಮೇಲಾಮೇಲೆ ಗೇಲಿ ನಿಲ್ಲಿಸಿದರು. ಹರ್ಜಿತೊಗೆ ಚುಚ್ಚಿದ್ದು ಅದೇ. ಅಟ್ಟದಿಂದ ಇಳಿದು ಬಂದು ರೇಡಿಯೊವನ್ನು ಸುವೊಂದೊನ ಮಡಿಲಿಗೆ ಹಾಕಿದ.

"ಮಾರ್ಬಿಡು," ಎಂದ. "ಜಾರೋತ್ ಕೂಡ ನನ್ನ ನೋಡಿ ಅಯ್ಯೋ ಪಾಪ ಅಂತಿದಾನೆ. ಇಷ್ಟು ಸಾಕು."

ಸುವೊಂದೊ ಕಾರನ್ನು ತೊಳೆದುಕೊಡುತ್ತೇನೆಂದು ಹೇಳಿ ಬೇಕರಿಗೆ ಒಯ್ದ.

ತೊಳೆಯುವಾಗ ಅವನಿಗೆ ಆ ಯೋಚನೆ ಬಂತು. ಹಿಟ್ಟು ಗಟ್ಟಿಯಾದರೆ ನೀರು ಸೇರಿಸಿ ಮೆತ್ತಗೆ ಮಾಡುವುದು ಅವನ ದಿನನಿತ್ಯದ ಕೆಲಸ. ಕಾರನ್ನೂ ಹಾಗೆಯೇ ಮಾಡಿದ. ಶಾಕಿನ ದಪ್ಪ ಎಣ್ಣೆ ಚೆಲ್ಲಿ ತೆಳುವಾದದ್ದನ್ನು ತುಂಬಿದ. ಹಿಂದಿನ ಚಕ್ರಗಳ ಮೂತಿಯನ್ನು ಒಳಕ್ಕೆ ತಿರುಗಿಸಿ, ಬಾಲ ಜಾರದಂತೆ ಮಾಡಿದ. ಮುಂದಿನ ಚಕ್ರಗಳು ಹೆಚ್ಚು ತಿರುಗದಂತೆ ತಡೆ ಹಾಕಿದ. ಎಂಜಿನ್ನಿಗೆ ಇಂಧನ ಬಿಡುವ ಸೂಜಿಯನ್ನು ಸಡಿಲಿಸಿದಾಗ ಅದರ ಕಿರುಚಾಟ ತಗ್ಗಿ, ಹೊಗೆ ಹೆಚ್ಚಾಗಿ, ಊಟವಾದ ಮೇಲಿನ ಗೃಹಸ್ಥನಂತೆ ಗೊಣಗತೊಡಗಿತು. ಬಿಡುವಿನ ದಿನ ಒಬ್ಬನೇ ಟ್ರ್ಯಾಕಿಗೆ ಹೋಗಿ ಓಡಿಸಿಯೂ ನೋಡಿದ. ಅವನ ಕೈಯಲ್ಲೇ ಕಾರು ಬೇಲಿ ತಾಕದೆ ಸುತ್ತು ಮುಗಿಸಿತು.

ಹರ್ಜಿತೊಗೆ ಹೇಳಿದ್ದು ಬೇರೆ. "ಹಿಂದಿನ ಚಕ್ರದ ತೋಳಿನ ಪಿನ್ನು ಬಗ್ಗಿತ್ತು ಕಣೋ. ಹಾಗಿದ್ರೆ ಯಾವನು ಓಡಿಸಿದ್ರೂ ಗಿರಕಿನೇ. ಹೊಸದು ಹಾಕಿದೀನಿ. ಇನ್ನೊಂದು ಸಲ ನೋಡ್ಬಿಡು."

ಹರ್ಜಿತೊ ಒಲ್ಲದ ಮನಸ್ಸಿನಿಂದ ಬಂದ. ಅಟ್ಟ ಹತ್ತಿದ. ಒಂದು ಸುತ್ತು, ಎರಡು ಸುತ್ತು. ಕಾರು ದಿಬ್ಬ ಹಾರಿ ನಾಲ್ಕೂ ಕಾಲೂರಿ ಇಳಿಯಿತು. ಮೂಲೆಯಲ್ಲಿ ಅಡ್ಡ ಹೋಗಲಿಲ್ಲ. ಕೆಳಗೆ ನಿಂತ ಸುವೊಂದೊ ಕಾರನ್ನು ನೋಡುವುದು ಬಿಟ್ಟು ಗೆಳೆಯನ ಮುಖ ನೋಡುತ್ತಿದ್ದ. ಆ ಮುಖ ಮೊದಲು ಬಿಗಿದುಕೊಂಡಿತ್ತು. ನಿಧಾನವಾಗಿ ಸಡಿಲಿತು. ಆಮೇಲೆ ಹರ್ಜಿತೊ ಬಾಯಿ ತೆರೆದು, ಸುತ್ತಲಿನವರ ಪರಿವೆಯಿಲ್ಲದೆ, "ಬಂತು ಕಣೋ! ಕೈ ಬಂತು!" ಎಂದು ಕೂಗಿದ.

ಆ ಹೊತ್ತಿನಲ್ಲಿ ನಿಜ ಹೇಳುವ ಮನಸ್ಸು ಯಾರಿಗೆ ಬಂದೀತು? ಸುವೊಂದೊ ಚಪ್ಪಾಳೆ ತಟ್ಟಿದ.

ಮುಂದಿನ ಭಾನುವಾರವೂ ಹಾಗೆಯೇ ನಡೆಯಿತು. ಹರ್ಜಿತೊ ಬಕ್ಸೊ ಅಂಗಡಿಯಲ್ಲಿ ಎಲ್ಲರಿಗೂ ಮಾಂಸದುಂಡೆಯ ಬಿಸಿಬಿಸಿ ಸಾರು ಕುಡಿಸಿ, ಆಗಸ್ಟಿನ ಓಟಕ್ಕೆ ಹೆಸರು ಕೊಟ್ಟು ಬಂದ. ಸುವೊಂದೊಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಒಂದು ಪಿನ್ನಿನ ಸುಳ್ಳಿಗೆ ಇಷ್ಟು ಸುಖ ಸಿಗುವುದಾದರೆ ಅದೇನು ದೊಡ್ಡ ಪಾಪ ಅಂದುಕೊಂಡ.

ಆ ವಾರದ ಮಧ್ಯದಲ್ಲಿ ಯಾಯುಕ್ ಬೇಕರಿಗೆ ಬಂದಳು. ಹೊರಗೆ ಹೊರಡುವ ಬಟ್ಟೆ ಉಟ್ಟಿದ್ದಳು. ಮುಖದಲ್ಲಿ ಹೊಸ ಕಳೆ.

"ಬಾಳೆಹಣ್ಣಿನ ಕೇಕ್ ಎರಡು ಕಟ್ಟಿ. ಬಾತು ಊರಲ್ಲಿರೋ ನಮ್ಮಕ್ಕನ ಮನೆಗೆ ಹೋಗ್ತಿದೀವಿ, ಇವರದೇ ಬೈಕಲ್ಲಿ!"

ಸುವೊಂದೊನ ಕೈಯಲ್ಲಿದ್ದ ದಾರ ಅಲ್ಲೇ ನಿಂತಿತು. "ಬೈಕಲ್ಲಾ? ಯಾರು ಓಡಿಸ್ತಾರೆ?"

"ಇನ್ಯಾರು? ಅವರೇ. ಬೆಳಗಿನಿಂದ ಬೈಕ್ ಉಜ್ಜಿ ಉಜ್ಜಿ ಇಟ್ಟಿದಾರೆ. ಆ ಕಾರು ಓಡಿಸೋ ಬೆರಳಿಗೆ ಕ್ಲಚ್ ಹಿಡಿಯೋದು ಯಾವ ಲೆಕ್ಕ ಅಂತಾರೆ. ವ್ಯಾಯಾಮಕ್ಕೂ ಹೋಗ್ತಿಲ್ಲ ಈಗ. ಗುಣ ಆದ ಮೇಲೆ ಇನ್ನೆಂಥ ವ್ಯಾಯಾಮ ಅಂತ ವ್ಯಾಯಾಮ ಮಾಡಿಸೋ ಹುಡುಗಿಗೇ ಫೋನ್ ಮಾಡಿ ಹೇಳ್ಬಿಟ್ರು."

ಬಾತುವಿನ ದಾರಿ ಎಂದರೆ ಬೆಟ್ಟದ ದಾರಿ. ಲಾರಿ, ಬಸ್ಸು, ಪ್ರವಾಸಿಗಳ ಕಾರು, ಒಂದರ ಬೆನ್ನಿಗೆ ಇನ್ನೊಂದು ತಿರುವು. ಸುವೊಂದೊ ಕೇಕನ್ನು ಅರ್ಧ ಕಟ್ಟಿದಂತೆಯೇ ಬಿಟ್ಟು, ಏಪ್ರನ್ ಸಹ ತೆಗೆಯದೆ ಓಡಿದ. ಯಾಯುಕ್ ಏನಾಯಿತೆಂದು ತಿಳಿಯದೆ ಹಿಂದೆಯೇ ಓಡಿಬಂದಳು.

ಗಲ್ಲಿಯ ಕೊನೆಯಲ್ಲಿ ಹರ್ಜಿತೊ ಹೆಲ್ಮೆಟ್ ಹಾಕಿಕೊಂಡು, ಚಾಲೂ ಮಾಡಿದ ಬೈಕಿನ ಮೇಲೆ ಕೂತಿದ್ದ. ಸುವೊಂದೊ ಹೋಗಿ ಹ್ಯಾಂಡಲ್ ಹಿಡಿದುಕೊಂಡ.

"ಇಳಿಯೋ."

"ಯಾಕೋ? ನಿನಗೂ ಜಾಗ ಬೇಕಾ? ಮೂರು ಜನ ಕೂರಿಸಲ್ಲಪ್ಪ, ಪೊಲೀಸ್ರು ಹಿಡೀತಾರೆ."

"ಹರ್ಜಿ, ಇಳಿ ಅಂದೆ. ನಿನ್ನ ಕೈ ಬಂದಿಲ್ಲ."

ಹರ್ಜಿತೊ ನಗುತ್ತಲೇ ಇದ್ದ. ಗೆಳೆಯನ ಮುಖ ನೋಡಿ ನಗು ಆರಿತು.

"ಪಿನ್ನು ಬಗ್ಗಿರ್ಲಿಲ್ಲ," ಎಂದ ಸುವೊಂದೊ. "ಏನೂ ಬಗ್ಗಿರ್ಲಿಲ್ಲ. ನಾನೇ ಕಾರನ್ನ ಮೆತ್ತಗೆ ಮಾಡ್ದೆ. ಎಣ್ಣೆ, ಚಕ್ರ, ಎಂಜಿನ್, ಎಲ್ಲಾ. ಈಗ ಅದನ್ನ ಯಾರು ಹಿಡಿದ್ರೂ ಓಡುತ್ತೆ. ನಾನು ಹಿಡಿದ್ರೂ ಓಡುತ್ತೆ."

"ನೀನು ಹಿಡಿದ್ರೂ?"

"ಹೂಂ. ಓಡಿಸಿ ನೋಡಿದೀನಿ."

ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಹರ್ಜಿತೊ ಬೈಕಿನ ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದ. ಹೆಲ್ಮೆಟ್ ತೆಗೆಯಲು ಗಲ್ಲದ ಕೆಳಗಿನ ಗುಂಡಿಯನ್ನು ಎಡಗೈಯಿಂದ ಒತ್ತಿದ, ಬರಲಿಲ್ಲ. ಬಲಗೈಯಿಂದ ತೆಗೆದ. ಸುವೊಂದೊನ ಕಡೆ ಕಣ್ಣೆತ್ತದೆ ಕಾಲೆಳೆದುಕೊಂಡು ಒಳಗೆ ಹೋದ. ಬಾಗಿಲು ಹಾಕಿದ ಸದ್ದು ಕೂಡ ಆಗಲಿಲ್ಲ, ಅಷ್ಟು ಮೆಲ್ಲಗೆ ಹಾಕಿದ.

"ನನಗಾದ್ರೂ ಒಂದು ಮಾತು ಹೇಳ್ಬಾರ್ದಿತ್ತಾ?" ಎಂದಳು ಯಾಯುಕ್. "ನಾನೂ ಆ ಬೈಕಿನ ಹಿಂದೆ ಕೂರೋಳಲ್ವಾ?"

ಸುವೊಂದೊ ಹ್ಯಾಂಡಲ್ ಬಿಟ್ಟು ಬೇಕರಿಯ ಕಡೆಗೆ ನಡೆದ.

ಆಮೇಲಿನ ದಿನಗಳು ಅವನಿಗೆ ಬಲು ಉದ್ದವಾದವು. ಫೋನ್ ಮಾಡಿದರೆ ಹರ್ಜಿತೊ ಎತ್ತಲಿಲ್ಲ. ಮನೆಗೆ ಹೋದರೆ "ಮಲಗಿದಾರೆ" ಎಂಬ ಮಾತು ಬಂತು. ದಿನವೂ ಬೆಳಿಗ್ಗೆ ತೆಂಗಿನತುರಿ ತುಂಬಿದ ಬ್ರೆಡ್ ಎರಡು ಕಳಿಸುತ್ತಿದ್ದ. ಒಂದು ದಿನ ತಡೆಯಲಾರದೆ ಯಾಯುಕ್‌ಳನ್ನು ಕೇಳಿದ, "ತಿಂತಾನಾ?"

"ತಿಂತಾರೆ. ನಿಮ್ಮ ಹೆಸರು ಎತ್ತಲ್ಲ, ಬ್ರೆಡ್ ಬಿಡಲ್ಲ."

"ವ್ಯಾಯಾಮ?"

"ಹೋಗ್ತಿದಾರೆ. ಹಲ್ಲು ಕಚ್ಕೊಂಡು ಹೋಗ್ತಾರೆ." ಅವಳೇ ಮುಂದುವರಿಸಿದಳು: "ಮಧ್ಯಾಹ್ನ ಹೊತ್ತು ಕಾರು ಮುಂದಿಟ್ಕೊಂಡು ಕೂತಿರ್ತಾರೆ. ಒಂದೇ ಕೈಲಿ ಬಿಚ್ತಾರೆ. ಸ್ಕ್ರೂ ಉರುಳಿ ಹೋದ್ರೆ ನಾನು ಮಂಚದ ಕೆಳಗೆ ಹುಡುಕ್ಬೇಕು. ಸವತಿ ಸೇವೆ."

ಸ್ವಾತಂತ್ರ್ಯ ದಿನಾಚರಣೆಗೆ ಬೀದಿಗಳಲ್ಲಿ ಕೆಂಪು ಬಿಳಿ ಕಾಗದದ ಬಾವುಟ ಕಟ್ಟುತ್ತಿದ್ದ ಕಾಲ. ಆಗಸ್ಟಿನ ಓಟ ಹತ್ತಿರವಾಗಿತ್ತು. ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಬಾಡಿಗೆ ವ್ಯಾನೊಂದು ಬೇಕರಿಯ ಮುಂದೆ ನಿಂತಿತು. ಬಲ ಹೆಗಲಿಗೆ ಚೀಲ ನೇತುಹಾಕಿಕೊಂಡು ಹರ್ಜಿತೊ ಇಳಿದ. ನೇರ ಒಳಗೆ ಬಂದು, ಹಿಟ್ಟು ನಾದುವ ಮೇಜಿನ ಮೇಲೆ ಕಾರನ್ನು ಇಟ್ಟ.

"ಏನು ಮಾಡಿದೀಯೋ ಇದಕ್ಕೆ?" ಎಂದ. "ಹಿಂದಿನ ಚಕ್ರ ನೋಡು, ಬಾತುಕೋಳಿ ಪಾದದ ಹಾಗೆ. ಶಾಕಲ್ಲಿ ಎಣ್ಣೆ ಹಾಕಿದೀಯೋ ಬೇಳೆ ಕಟ್ಟು ಹಾಕಿದೀಯೋ? ಎತ್ತಿನ ಗಾಡಿ ಇದಕ್ಕಿಂತ ಚುರುಕಾಗಿರುತ್ತೆ."

ಬೈಗುಳ ಕೇಳಿ ಇಷ್ಟು ಸಂತೋಷವಾಗಬಹುದೆಂದು ಸುವೊಂದೊಗೆ ಗೊತ್ತಿರಲಿಲ್ಲ. "ಹರ್ಜಿ, ನಾನು ಮಾಡಿದ್ದು ತಪ್ಪು..." ಎಂದು ಶುರುಮಾಡಿದ.

"ತಪ್ಪೇ. ಅದಿರ್ಲಿ. ನನಗೆ ಲಕ್ವ ಹೊಡೆದದ್ದು ಎಡಗೈಗೆ. ಬಲಗೈ ಏನು ಪಾಪ ಮಾಡಿತ್ತು? ಮುಂದಿನ ಚಕ್ರಕ್ಕೂ ತಡೆ ಹಾಕಿ ಅದನ್ನೂ ಯಾಕೆ ಕಟ್ಟಿ ಹಾಕಿದೆ?"

ಸುವೊಂದೊ ತಲೆ ತಗ್ಗಿಸಿದ. ಅದು ಅವನಿಗೆ ಹೊಳೆದೇ ಇರಲಿಲ್ಲ. ಕಾಯಿಲೆಯ ಮನುಷ್ಯ ಎಂದುಕೊಂಡಿದ್ದನೇ ಹೊರತು, ಯಾವ ಬೆರಳಿಗೆ ಏನಾಗಿದೆ ಎಂದು ಕೇಳಿರಲಿಲ್ಲ.

ಹರ್ಜಿತೊ ಸುತ್ತ ನೋಡಿ, ಹಿಟ್ಟು ತೂಗುವ ಮುಳ್ಳಿನ ತಕ್ಕಡಿಯನ್ನು ಎಳೆದುಕೊಂಡ. ಎಡಗೈ ತೋರುಬೆರಳನ್ನು ಅದರ ತಟ್ಟೆಯ ಮೇಲಿಟ್ಟು ಒತ್ತಿದ. ಮುಳ್ಳು ಚೆನ್ನಾಗಿಯೇ ಓಡಿತು.

"ಬಿಡು ಅನ್ನು," ಎಂದ.

"ಬಿಡು."

ಮುಳ್ಳು ಹಾಗೆಯೇ ನಿಂತಿತ್ತು. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತಾದ ಮೇಲೆ, ಬೆರಳು ಯಾರದೋ ಅಪ್ಪಣೆ ಕಾದಿದ್ದಂತೆ ಮೇಲೆದ್ದಿತು.

"ನೋಡಿದ್ಯಾ? ಎಳೆಯೋಕೆ ಬರುತ್ತೆ. ಬಿಡೋಕೆ ಬರಲ್ಲ. ಮೂಲೆ ಬಂತು, ಬಿಡು ಅಂತ ತಲೆ ಹೇಳುತ್ತೆ. ಬೆರಳಿಗೆ ಸುದ್ದಿ ಮುಟ್ಟೋ ಹೊತ್ತಿಗೆ ಕಾರು ಪೈಪಿನ ಮೇಲೆ. ಇಷ್ಟು ದಿನ ಮನೇಲಿ ಕೂತು ಇದನ್ನೇ ನೋಡಿದೀನಿ."

ಸುವೊಂದೊ ತಕ್ಕಡಿಯನ್ನೂ ಬೆರಳನ್ನೂ ನೋಡಿದ. "ಹಾಗಾದ್ರೆ ಕಾರಲ್ಲಿ ಏನೂ ಮಾಡ್ಬೇಕಿಲ್ಲ. ಟ್ರಿಗರ್ ಸ್ಪ್ರಿಂಗ್ ಗಟ್ಟಿ ಮಾಡಿದ್ರೆ?"

"ಮಾಡಿದ್ರೆ?"

"ಬೆರಳು ಬಿಡ್ದಿದ್ರೂ ಅದೇ ತಳ್ಳುತ್ತೆ."

"ಈಗ ಬಂದೆ ದಾರಿಗೆ," ಎಂದು ಹರ್ಜಿತೊ ಸ್ಟೂಲು ಎಳೆದುಕೊಂಡು ಕೂತ.

ಅಂದು ಬೇಕರಿಯಲ್ಲಿ ಸಂಜೆಯ ಬ್ರೆಡ್ ಆಗಲಿಲ್ಲ. ರೇಡಿಯೊದ ಹೊಟ್ಟೆ ಬಿಚ್ಚಿ, ಸಿಕ್ಕ ಸಿಕ್ಕ ಸ್ಪ್ರಿಂಗುಗಳನ್ನೆಲ್ಲ ಹಾಕಿ ನೋಡಿದರು. ಒಂದು ತೀರ ಮೆತ್ತಗೆ. ಇನ್ನೊಂದು ಎಷ್ಟು ಗಡಸೆಂದರೆ ಸುವೊಂದೊನ ಬೆರಳನ್ನೇ ಕಚ್ಚಿತು. ಕೊನೆಗೆ ಕೆಟ್ಟುಬಿದ್ದಿದ್ದ ಬೆಣ್ಣೆ ಕಡೆಯುವ ಯಂತ್ರದಿಂದ ಕಿತ್ತ ಸ್ಪ್ರಿಂಗೊಂದನ್ನು ಸ್ವಲ್ಪ ಕತ್ತರಿಸಿ ಹಾಕಿದಾಗ ಸರಿಹೋಯಿತು. ಎಳೆದ ಟ್ರಿಗರ್ ತನ್ನ ಜಾಗಕ್ಕೆ ಮರಳಿದ ಕೂಡಲೇ ಬ್ರೇಕು ತಾನಾಗಿಯೇ ಕೊಂಚ ತಾಕುವಂತೆ ಅದರ ಸರಳನ್ನು ಬಿಗಿದರು. ಆಮೇಲೆ ಸುವೊಂದೊ ತಾನು ಮೆತ್ತಗೆ ಮಾಡಿದ್ದನ್ನೆಲ್ಲ ಒಂದೊಂದಾಗಿ ಗಟ್ಟಿ ಮಾಡುತ್ತ ಬಂದ. ಮುಂದಿನ ಚಕ್ರಗಳ ತಡೆ ಬಿಚ್ಚಿದ. ಶಾಕಿಗೆ ಎಣ್ಣೆ ಬದಲಿಸಿದ. ಹಿಂದಿನ ಚಕ್ರಗಳಿಗೆ ಕೈ ಹಾಕಿದಾಗ ಹರ್ಜಿತೊ ತಡೆದ.

"ಅದನ್ನ ಪೂರ್ತಿ ನೆಟ್ಟಗೆ ಮಾಡ್ಬೇಡ. ಸ್ವಲ್ಪ ಬಾತುಕೋಳಿ ಇರ್ಲಿ. ವಯಸ್ಸಾಯ್ತಲ್ಲ."

ಸುವೊಂದೊ ನಕ್ಕ. ಹರ್ಜಿತೊ ನಗಲಿಲ್ಲ. ತಕ್ಕಡಿಯ ತಟ್ಟೆಯ ಮೇಲಿನ ಹಿಟ್ಟನ್ನು ಬಲಗೈಯಿಂದ ಒರೆಸುತ್ತ, "ಆ ಎರಡು ಭಾನುವಾರ ತುಂಬಾ ಚೆನ್ನಾಗಿತ್ತು ಕಣೋ," ಎಂದ. "ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು."

ಸುವೊಂದೊ ಸ್ಕ್ರೂ ತಿರುಗಿಸುತ್ತಲೇ ಇದ್ದ.

ಓಟದ ದಿನ ಟ್ರ್ಯಾಕಿನಲ್ಲಿ ಜಾತ್ರೆಯಷ್ಟು ಜನ. ಒಂದು ಮೂಲೆಯಲ್ಲಿ ದಾರಕ್ಕೆ ನೇತುಹಾಕಿದ ಹಪ್ಪಳವನ್ನು ಕೈ ಮುಟ್ಟದೆ ತಿನ್ನುವ ಪಂದ್ಯ, ಇನ್ನೊಂದು ಕಡೆ ಸುಟ್ಟ ಜೋಳದ ಹೊಗೆ. ಹರ್ಜಿತೊಗೆ ಸಿಕ್ಕಿದ್ದು ಮೇಲಿನ ಫೈನಲ್ ಅಲ್ಲ, ಕೆಳಗಿನದು. ಹೊಸಬರು, ಹಳಬರು, ಭಾನುವಾರ ಮಾತ್ರ ಬರುವವರು ಇರುವ ಗುಂಪು. ಅದರಲ್ಲಿ ಅವನು ಹಿಂದೆಂದೂ ಓಡಿಸಿದವನಲ್ಲ. ಅಟ್ಟ ಹತ್ತುವ ಮುನ್ನ ಸುವೊಂದೊ ಎಂಜಿನ್ ಚಾಲೂ ಮಾಡಿ, ಕಿವಿ ಹತ್ತಿರ ಹಿಡಿದು, ಸೂಜಿಯನ್ನು ಕೂದಲೆಳೆಯಷ್ಟು ಬಿಗಿದ. ಗೊಣಗಾಟ ಹೋಗಿ ಹಳೆಯ ಕಿರುಚಾಟ ಬಂತು. ಹೊಗೆ ತೆಳ್ಳಗೆ ನೀಲಿಯಾಯಿತು.

"ಹೂಂ, ಇದು ನನ್ನ ಗಾಡಿ," ಎಂದ ಹರ್ಜಿತೊ.

ಮೊದಲರ್ಧ ಅವನು ಚೆನ್ನಾಗಿಯೇ ಓಡಿಸಿದ. ಬಲಗೈ ಹಳೆಯ ಬಲಗೈಯೇ. ಉಳಿದವರು ಹೆದರಿ ಸುತ್ತಿ ಹೋಗುತ್ತಿದ್ದ ತಿರುವಿನಲ್ಲಿ ಕಾರನ್ನು ಒಳಗಿನಿಂದ ತೂರಿಸಿ ಒಬ್ಬರ ಮೇಲೊಬ್ಬರನ್ನು ಹಿಂದೆ ಹಾಕಿದ. ಒಮ್ಮೆ ಮೂರನೆಯವನಾಗಿದ್ದ. ಸುವೊಂದೊ ಇಂಧನ ಸುರಿದು ಕಾರನ್ನು ಮತ್ತೆ ಟ್ರ್ಯಾಕಿಗೆ ಬಿಟ್ಟ. ಆದರೆ ಗಟ್ಟಿ ಸ್ಪ್ರಿಂಗನ್ನು ಮತ್ತೆ ಮತ್ತೆ ಎಳೆದ ಬೆರಳು ಸೋಲತೊಡಗಿತು. ದೊಡ್ಡ ದಿಬ್ಬದ ಮುಂದೆ ವೇಗ ಸಾಲದೆ ಕಾರು ನೆತ್ತಿಗೆ ತಗಲಿ ಮಗುಚಿತು. ನೆಟ್ಟಗೆ ಮಾಡುವಷ್ಟರಲ್ಲಿ ಇಬ್ಬರು ದಾಟಿಹೋದರು.

ಅಟ್ಟದ ಮೇಲಿನಿಂದ ಹರ್ಜಿತೊ, ಎಲ್ಲರಿಗೂ ಕೇಳುವಂತೆ ಕೂಗಿದ: "ಸುವೊಂದೋ! ಬೆರಳು ಸುಸ್ತಾಯ್ತು ಕಣೋ! ಎಳೆಯೋಕಾಗ್ತಿಲ್ಲ!"

ಹಿಂದಿನ ಹರ್ಜಿತೊ ಆಗಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದನೇ ವಿನಾ ಈ ಮಾತನ್ನು ಆಡುತ್ತಿರಲಿಲ್ಲ. ಸುವೊಂದೊ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದ: "ದಿಬ್ಬ ಹಾರ್ಬೇಡ! ಉರುಳಿಸ್ಕೊಂಡು ದಾಟು! ಹಿಂದಿನೋರಿಗೆ ದಾರಿ ಬಿಡು!"

"ಅಜ್ಜಿ ಥರ ಹೋಗ್ಲಾ?"

"ಅಜ್ಜಿ ಥರಾನೇ ಹೋಗು! ಅಜ್ಜಿನೂ ಊರು ಸೇರ್ತಾಳೆ!"

ಅಟ್ಟದ ಮೇಲಿದ್ದವರೆಲ್ಲ ನಕ್ಕರು. ಹರ್ಜಿತೊ ಕೂಡ ನಗುತ್ತ ಮಿಕ್ಕ ಸುತ್ತುಗಳನ್ನು ನಡೆಸಿದ. ಏಳನೆಯವನಾಗಿ ಮುಗಿಸಿದ. ಮೈಕಿನಲ್ಲಿ ಅವನ ಹೆಸರು ಕರೆದಾಗ ಗೆದ್ದವನಿಗಿಂತ ಜೋರು ಚಪ್ಪಾಳೆ ಬಿದ್ದಿತು. ಅವನು, "ಏಳನೆಯವನಿಗೆ ಯಾಕ್ರೋ ಚಪ್ಪಾಳೆ, ಸುಮ್ನಿರ್ರೋ," ಎಂದು ಗದರಿದ. ಯಾಯುಕ್ ಮೆಟ್ಟಿಲ ಬುಡದಲ್ಲಿ ನಿಂತು ತಣ್ಣನೆಯ ಚಹಾ ಕೊಟ್ಟಳು. ಅವನ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು, ಬೆರಳುಗಳನ್ನು ಒಂದೊಂದಾಗಿ ತಿಕ್ಕಿದಳು.

ಒಂದು ಓಟ ಮುಗಿಸಿದವರು ಮುಂದಿನ ಓಟಕ್ಕೆ ಟ್ರ್ಯಾಕಿನೊಳಗೆ ನಿಂತು, ಮಗುಚಿದ ಕಾರುಗಳನ್ನು ನೆಟ್ಟಗೆ ಮಾಡಬೇಕೆಂಬುದು ಅಲ್ಲಿನ ನೇಮ. ಸುವೊಂದೊ ಆ ಕೆಲಸಕ್ಕೆ ನಿಲ್ಲುವವರು ತೊಡುವ ಕಿತ್ತಳೆ ಬಣ್ಣದ ಅಂಗಿ ಎತ್ತಿಕೊಂಡು, "ನೀನು ಕೂತ್ಕೊ, ನಿನ್ನ ಬದಲು ನಾನು ಹೋಗ್ತೀನಿ," ಎಂದ.

"ಓಡಿಸಿದ್ದು ಯಾರು?"

"ನೀನು."

"ಮತ್ತೆ? ಕೊಡಿಲ್ಲಿ."

ಅಂಗಿಗೆ ಬಲಗೈ ತೂರಿಸಿದ. ಎಡಗೈ ಸಿಕ್ಕಿಕೊಂಡಿತು. ಸುವೊಂದೊನ ಕಡೆ ತಿರುಗಿ, "ಸುಮ್ನೆ ನೋಡ್ತಾ ನಿಂತಿದೀಯಲ್ಲ, ಎಳಿಯೋ," ಎಂದ. ಸುವೊಂದೊ ಅಂಗಿಯ ತೋಳನ್ನು ಎಳೆದು ಕೊಟ್ಟ.

ಮೇಲಿನ ಫೈನಲ್ ಶುರುವಾಯಿತು. ಹರ್ಜಿತೊ ಸಮತಟ್ಟಾದ ಮೂಲೆಯೊಂದರಲ್ಲಿ ನಿಂತಿದ್ದ. ಮುಂದೆ ಓಡುತ್ತಿದ್ದ ಜಾರೋತನ ಕಾರು ಅವನ ಕಾಲ ಬುಡದಲ್ಲೇ ಗಿರಕಿ ಹೊಡೆದು ಬೆನ್ನ ಮೇಲೆ ಬಿದ್ದಿತು. ಹರ್ಜಿತೊ ಕಾಲೆಳೆಯುತ್ತ ಹೋದ.

"ಬೇಗ ಕಣಣ್ಣ, ಬೇಗ!" ಎಂದು ಜಾರೋತ್ ಅಟ್ಟದಿಂದ ಅರಚಿದ.

ಹರ್ಜಿತೊ ಬಗ್ಗಿ, ಬಲಗೈಯಿಂದ ಕಾರನ್ನು ಎತ್ತಿದ. ಹಿಂದಿನ ಚಕ್ರಗಳನ್ನೊಮ್ಮೆ ಕಣ್ಣಿಟ್ಟು ನೋಡಿದ. ಆಮೇಲೆ ನೆಲಕ್ಕೆ ಬಿಟ್ಟು, ಧೂಳಿನ ನಡುವಿನಿಂದ ಕೂಗಿ ಹೇಳಿದ:

"ಗಿರಕಿ ಹೊಡೀದೆ ಇನ್ನೇನಾಗುತ್ತೋ? ಎಷ್ಟು ಗಟ್ಟಿ ಮಾಡಿದೀಯ ಇದನ್ನ! ಓಟ ಮುಗಿದ ಮೇಲೆ ತಗೊಂಡು ಬಾ, ನೋಡ್ತೀವಿ!"